ಏಳನೇ ಮಾಹಿತಿದಾರ

ದುಬೈಯ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಮಾನವಶಾಸ್ತ್ರ ಕಲಿಸುತ್ತೇನೆ. ಬದುಕಿನ ಕತೆ ಹೇಳಿದವರ ಹೆಸರು ಬರೆಯಬಾರದು, ಅವರಿಗೆ ತೊಂದರೆಯಾಗಬಾರದು ಎಂದು ಮೊದಲ ತರಗತಿಯಲ್ಲೇ ಹೇಳಿಕೊಡುತ್ತೇನೆ. ಎಷ್ಟು ದೊಡ್ಡ ಮಾತು! ಈಗೀಗ ಅದನ್ನು ಹೇಳುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬರ್ ದುಬೈಯಲ್ಲಿ ಉಡುಪಿ ಕಡೆಯ ಒಬ್ಬ ಟೈಲರ್ ಇದ್ದರು. ನಲವತ್ತು ವರ್ಷ ಒಂದೇ ಅಂಗಡಿಯಲ್ಲಿ ಹೊಲಿದವರು. ಒಂದು ಚಳಿಗಾಲವಿಡೀ ಶನಿವಾರಗಳಂದು ಅಲ್ಲಿಗೆ ಹೋದೆ. ಅವರು ಕಾಜಾ ಹಾಕುತ್ತಾ ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡೆ. ಒಪ್ಪಿಗೆ ಪತ್ರ ಕೊಟ್ಟಾಗ ಅವರು ಓದಲಿಲ್ಲ. ಮನೆಹೆಸರೂ ಸೇರಿಸಿ, ಕನ್ನಡದಲ್ಲಿ ಪೂರ್ತಿ ಹೆಸರು ಬರೆದರು.

"ಪುಸ್ತಕದಲ್ಲಿ ಹೆಸರು ಬರ್ತದಲ್ಲ ಮೇಡಂ, ಅಷ್ಟು ಸಾಕು. ವೀಸಾ ಕ್ಯಾನ್ಸಲ್ ಆದ್ರೆ ನಾವು ಖಲಾಸ್. ಇಲ್ಲಿ ಇದ್ದೆ ಅಂತ ಹೇಳ್ಲಿಕ್ಕೆ ಒಂದು ಕಾಗದ ಬೇಕಲ್ಲ?"

ಹೆಸರು ಬರುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಿದರೆ ಮಾತು ನಿಲ್ಲಿಸಿಬಿಟ್ಟಾರೆಂದು ತೆಪ್ಪಗಿದ್ದೆ.

ಪುಸ್ತಕ ಬರುವ ಹೊತ್ತಿಗೆ ಅವರ ಅಂಗಡಿ ಮುಚ್ಚಿತ್ತು. ಅವರು ಊರಿಗೆ ಹೊರಡುವ ಮುಂಚೆ ಕೊಡೋಣವೆಂದು ಅವರ ಕೋಣೆಗೇ ಒಯ್ದೆ. ಕನ್ನಡಕ ಹಾಕಿಕೊಂಡು, ನಾನು ತೆರೆದ ಪುಟದ ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದರು.

"ನನ್ನ ಹೆಸರು ಎಲ್ಲುಂಟು?"

"ಇಲ್ಲಿ ನೋಡಿ, ಏಳನೇ ಮಾಹಿತಿದಾರ ಅಂತಿದೆಯಲ್ಲ, ಅದು ನೀವೇ."

"ಮುಚ್ಚಿಟ್ಟದ್ದೆಂತಕ್ಕೆ? ನಾನೆಂತ ಕಳ್ಳನಾ ಮಾರಾಯ್ರೆ?"

"ನಿಮಗೆ ತೊಂದರೆ ಆಗಬಾರದು ಅಂತ..."

ಅವರು ಪುಸ್ತಕ ಮುಚ್ಚಿ ರಕ್ಷಾಪುಟ ನೋಡಿದರು. "ಇದು ನಿಮ್ಮ ಹೆಸರಲ್ವಾ? ಇಷ್ಟು ದೊಡ್ಡದುಂಟು. ನಿಮಗೆ ತೊಂದರೆ ಇಲ್ವಾ?"

ಅವರು ಪುಸ್ತಕ ಪಕ್ಕಕ್ಕಿಟ್ಟು ಚಹಾ ಮಾಡಿಕೊಟ್ಟರು. ನಾನು ಹೊರಡುವಾಗ ಪುಸ್ತಕವನ್ನು ಹಳೆಯ ಪೇಪರಿನಲ್ಲಿ ನೀಟಾಗಿ ಸುತ್ತಿ ನನ್ನ ಕೈಗೇ ವಾಪಸ್ ಇಟ್ಟರು.

ಆ ಪುಸ್ತಕದಿಂದ ನನಗೆ ಬಡ್ತಿ ಸಿಕ್ಕಿತು. ಥೂ, ಸಿಹಿ ಹಂಚಿದೆ ಬೇರೆ!

ಸಂಶೋಧನೆ ಮುಗಿದ ಮೇಲೆ ಒಪ್ಪಿಗೆ ಪತ್ರಗಳನ್ನು ನಾಶಮಾಡಬೇಕು, ಅದೂ ನಿಯಮ. ಕಳೆದ ತಿಂಗಳು ವಿಭಾಗದಿಂದ ನೆನಪೋಲೆ ಬಂತು. ಬೀರುವಿನಿಂದ ಕಟ್ಟು ತೆಗೆದು, ಕಾಗದ ಚೂರು ಮಾಡುವ ಯಂತ್ರದ ಮುಂದೆ ನಿಂತೆ. ಏಳನೆಯ ಹಾಳೆ ಕೈಗೆ ಬಂತು. ಒತ್ತಿ ಬರೆದ ದುಂಡು ಅಕ್ಷರ, ಮನೆಹೆಸರು, ಕೆಳಗೆ 'ದುಬೈ' ಎಂದೂ ಬರೆದಿದ್ದರು. ಅವರು ಕೇಳಿದ್ದ ಕಾಗದ ಅದೇ. ಇಷ್ಟು ವರ್ಷ ನನ್ನ ಬೀರುವಿನಲ್ಲೇ ಇತ್ತು.

ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ. ಆಮೇಲೆ ಅದನ್ನೂ ಯಂತ್ರಕ್ಕೆ ಹಾಕಿದೆ.