ಒಗ್ಗರಣೆ ಸೌಟಿನ ಗುಂಡುಗಳು

ಮದುವೆಯಾಗಿ ವರ್ಷಗಳು ಕಳೆದರೂ ನನ್ನ ಅಪ್ಪನೂ ನನ್ನ ಗಂಡನೂ ನೆಟ್ಟಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ಅಗಸೂರಿನಲ್ಲಿ ಗದ್ದೆ, ಮಾವಿನಮರ ನೋಡಿಕೊಂಡಿದ್ದವನು. ಇವರು ಹಬ್ಬುವಾಡದಲ್ಲಿ ಹುಟ್ಟಿ, ಕೊಂಕಣಿಯಲ್ಲಿ ಬೆಳೆದು, ಕಾರವಾರದ ಕಚೇರಿಯೊಂದರಲ್ಲಿ ಕುರ್ಚಿ ಹಿಡಿದವರು. "ಊಟ ಆಯ್ತ್ರಾ?" "ಆಯ್ತು ಮಾವ." ಅಲ್ಲಿಗೆ ಇಬ್ಬರ ಸರಕೂ ಖಾಲಿ. ಆಮೇಲೆ ಒಬ್ಬರು ಮಾಡು ನೋಡುವುದು, ಇನ್ನೊಬ್ಬರು ನೆಲ ನೋಡುವುದು. ನಡುವೆ ಕೂತು ಇಬ್ಬರ ಪರವಾಗಿಯೂ ಮಾತಾಡಿ ಮಾತಾಡಿ ನನಗೆ ಗಂಟಲು ಒಣಗುತ್ತಿತ್ತು. ತವರಿಗೆ ಹೋಗುವುದೆಂದರೆ ಖುಷಿಗಿಂತ ಸಂಕಟವೇ ಜಾಸ್ತಿ.

ಆ ವರ್ಷ ಮಾವಿನ ಕಾಲಕ್ಕೇ ಸರಿಯಾಗಿ ಚುನಾವಣೆ ಬಂತು. ಚುನಾವಣೆ ಬಂದರೆ ಪರವಾನಗಿಯ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಿ ಬರಬೇಕು. ಅಪ್ಪನದು ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೋವಿ. ಅದು ಅಂಕೋಲೆಗೆ ಹೋಯಿತು, ಮಂಗಗಳು ಇಶಾಡು ಮಾವಿನ ಮರಕ್ಕೆ ಬಂದವು.

"ಮತದಾನದ ತಾರೀಕು ನಮಗಿಂತ ಮೊದಲು ಅವಕ್ಕೇ ಗೊತ್ತಾಗ್ತದೆ" ಎಂದು ಅಪ್ಪ ಫೋನಿನಲ್ಲಿ ಗೊಣಗಿದ.

ಮೀನುಸಾರು ಬಡಿಸುತ್ತ ಇದನ್ನು ಇವರಿಗೆ ಹೇಳಿದ್ದೇ ತಡ, ತುತ್ತು ಕೈಯಲ್ಲೇ ನಿಂತಿತು. "ಕೋವಿ ವಾಪಸ್ ಬರೂದ್ರೊಳಗೆ ಮಾವನಿಗೆ ನಾನೇ ಗುಂಡು ಎರಕ ಹೊಯ್ದು ಕೊಡ್ತೆ" ಎಂದರು. ಸೊಳ್ಳೆ ಹೊಡೆಯುವಾಗಲೂ ಕಣ್ಣು ಮುಚ್ಚುವ ಮನುಷ್ಯ ಇವರು.

ಬೈತಖೋಲಿನ ಮೀನು ಬಂದರಿಗೆ ಹೋಗಿ ಹರಿದ ಬಲೆಯ ಸೀಸದ ಮಣಿಗಳನ್ನು ಚೀಲದಲ್ಲಿ ತಂದರು. ಲೇಥ್ ಅಂಗಡಿಯಲ್ಲಿ ಎರಡು ಹೋಳಿನ ಅಚ್ಚು ಮಾಡಿಸಿದರು. ಸೀಸ ಕರಗಿಸಲು ನನ್ನ ಕಬ್ಬಿಣದ ಒಗ್ಗರಣೆ ಸೌಟನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಆ ಸೌಟು ಮತ್ತೆ ನನ್ನ ಅಡುಗೆಮನೆಯ ಹೊಸ್ತಿಲು ದಾಟಲು ನಾನು ಬಿಡಲಿಲ್ಲ. ಮೊದಲ ಆಯಿತವಾರ ಹುಟ್ಟಿದ ಗುಂಡುಗಳಲ್ಲಿ ಒಂದಕ್ಕೆ ಬಾಲ, ಒಂದಕ್ಕೆ ಗುಳಿ, ಇನ್ನೊಂದು ಥೇಟ್ ಗೇರುಬೀಜ.

ಇವರು ತಾವಾಗಿಯೇ ಅಗಸೂರಿಗೆ ಫೋನ್ ಹಚ್ಚಿದರು. "ಮಾವ, ನಿಮ್ಮ ಕೋವಿಗೆ ಗುಂಡು ಹೊಯ್ದೆ, ಬಾಲ ಬಂದದೆ. ಎಂತ ಮಾಡೂದು?"

"ಅರ ಹಾಕಿ ತಿಕ್ಕಿ."

ಮುಂದಿನ ಆಯಿತವಾರ ಗುಳಿಯ ವಿಚಾರ. ಅದರ ಮುಂದಿನ ವಾರ ಗಾತ್ರದ ವಿಚಾರ. "ನಳಿಗೆ ಬಾಯಲ್ಲಿ ಕಿರುಬೆರಳು ಬಿಗಿಯಾಗಿ ಹೋಗ್ತದೆ, ಅಷ್ಟು ದಪ್ಪ ಸಾಕು" ಎಂದ ಅಪ್ಪ. ಅಚ್ಚು ಹೊಸದಾಗಿ ಕೊರೆಸಿದ್ದಾಯಿತು. ಮಾತು ಗುಂಡಿನಿಂದ ಹಂದಿಗೆ, ಹಂದಿಯಿಂದ ಗೆಣಸಿಗೆ, ಗೆಣಸಿನಿಂದ ನನ್ನ ಬಾಲ್ಯದ ಮೊಂಡುತನಕ್ಕೆ ಹೋಗುತ್ತಿತ್ತು. ಅಪ್ಪ ನಕ್ಕಿದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಇನ್ನೊಂದು ಸೌಟು ಕೇಳಿದ್ದರೂ ಕೊಟ್ಟುಬಿಡುತ್ತಿದ್ದೆ. ಒಂದೇ ಹೆದರಿಕೆ: ಕೋವಿ ಮನೆಗೆ ಬಂದು ಗುಂಡಿನ ಕೆಲಸ ಮುಗಿದರೆ ಇಬ್ಬರೂ ಮತ್ತೆ ಮೂಗರಾಗುತ್ತಾರೇನೋ.

ಮತ ಎಣಿಕೆ ಮುಗಿಯಿತು, ಕೋವಿ ಬಂತು, ನಾವೂ ಹೋದೆವು. ಗುಂಡುಗಳಿಗೆಲ್ಲ ಕೊಬ್ಬರಿ ಎಣ್ಣೆ ಸವರಿ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿದ್ದರು. ಜಗಲಿಯ ಮೇಲೆ ಅಪ್ಪ ಕನ್ನಡಕ ಏರಿಸಿ, ಒಂದು ಗುಂಡನ್ನು ಖಾಲಿ ನಳಿಗೆಗೆ ಬಿಟ್ಟ. ಸುಯ್ಯೆಂದು ಒಳಗೆ ಹೋಯಿತು. ಕೋವಿ ಬಗ್ಗಿಸಿದ. ಹೋದಷ್ಟೇ ಸಲೀಸಾಗಿ ಹೊರಬಂದು ಅಂಗಳಕ್ಕೆ ಉರುಳಿತು. ಹೇಂಟೆಯೊಂದು ಓಡಿಬಂದು ಕುಕ್ಕಿ, ಕೊಕ್ಕು ನೋಯಿಸಿಕೊಂಡು ನಮ್ಮನ್ನೇ ಬೈಯುತ್ತ ಹೋಯಿತು. ಎರಡನೆಯದೂ ಉರುಳಿತು.

"ಕಿರುಬೆರಳಿನಷ್ಟೇ ಮಾಡಿದ್ದು ಮಾವ" ಎಂದು ಇವರು ತಮ್ಮ ಬೆರಳು ಚಾಚಿದರು. ಅಪ್ಪ ಪಕ್ಕದಲ್ಲಿ ತನ್ನದನ್ನು ಹಿಡಿದ. ನೇಗಿಲು ಹಿಡಿದ ಅಪ್ಪನ ಕಿರುಬೆರಳು ಇವರ ಹೆಬ್ಬೆರಳಿನಷ್ಟಿತ್ತು.

ಮತ್ತೆ ಒಬ್ಬರು ಮಾಡು ನೋಡಿದರು, ಇನ್ನೊಬ್ಬರು ನೆಲ ನೋಡಿದರು. ಮುಗಿಯಿತು ಕತೆ ಎಂದುಕೊಂಡೆ. ಅಷ್ಟರಲ್ಲಿ ಚಾ ತಂದ ಅಮ್ಮ ಡಬ್ಬಿ ನೋಡಿದಳು.

"ಮಂಗಗೆ ಗುಂಡೆಂತಕೆ? ಹನುಮಂತ ದೇವ್ರಿಗೆ ಯಾರಾರೂ ಗುಂಡು ಹೊಡೀತ್ರಾ? ಬರೀ ಮದ್ದು ತುಂಬಿ ಸದ್ದು ಮಾಡೂದು. ಈ ಮನೇಲಿ ಗುಂಡು ಹಾಕಿದ್ದು ನಾ ಕಂಡೇ ಇಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಅಪ್ಪಾ, ಅಷ್ಟು ಆಯ್ತವಾರ ಇವರ ಕೈಲಿ ಸೀಸ ಕಾಯಿಸಿದ್ಯಲ್ಲ. ಬೇಡ ಹೇಳಿ ಒಂದು ಮಾತು ಹೇಳೂಕೆ ಆಗ್ಲಿಲ್ವಾ?"

ಅಪ್ಪ ಪಂಚೆಯ ತುದಿಯಿಂದ ಗುಂಡಿನ ಎಣ್ಣೆ ಒರೆಸುತ್ತ ಕೂತ. "ಬೇಡ ಅಂದಿದ್ರೆ ಇವ್ರು ಮತ್ತೆ ಫೋನ್ ಮಾಡ್ತಿದ್ರಾ?"

ಅಪ್ಪ ಎದ್ದು ಕಸಬರಿಗೆಯಿಂದ ಒಂದು ಕಡ್ಡಿ ಎಳೆದು, ನಳಿಗೆಯ ಬಾಯಿಗೆ ಅಡ್ಡ ಹಿಡಿದು, ಅಳತೆಗೆ ಸರಿಯಾಗಿ ಮುರಿದು ಇವರ ಕೈಗಿಟ್ಟ.

"ಈ ಸಲ ಸಮಾ ಮಾಡಿ ಅಳಿಯಂದ್ರೇ. ಹ್ಯಾಂಗಾಯ್ತು ಹೇಳಿ ಆಯ್ತವಾರ ತಿಳಿಸಿ."