ತೊಟ್ಟಿಲ ಮೇಲಿನ ಗೋರಿಯ ಚಿತ್ತಾರ

ಓದುವ ಎಲ್ಲರಿಗೂ ನಮಸ್ಕಾರ. ನಾನು ತಡವಾಗಿ ಓದು ಕಲಿತವನು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ನಾವಿರುವ ಹಾಲೆಂಡಿನ ಈ ನೈಮೆಗನ್ ಊರಿನ ಅಂಗಡಿಯೊಂದರಲ್ಲಿ ಯಾರೋ ನೀಲಿ ಬಣ್ಣದ ಡಬ್ಬಿ ತೆರೆದರು. ಆ ವಾಸನೆಗೆ ನಮ್ಮ ಕೆಳಗಿನ ಮನೆಯ ಡ್ರಾಯಿಂಗ್ ಮೇಷ್ಟ್ರು ನೆನಪಾದರು... ಉಡುಪಿ ಕಡೆಯವರು, ಒಂಟಿ. ಯಾವಾಗ ಹೋದರೂ ಯಾವುದೋ ಹಳೆಯ ಚಾವಣಿಯ ಫೋಟೋ ಎದುರಿಗಿಟ್ಟುಕೊಂಡು ಅದರ ನಕಲು ಬರೆಯುತ್ತಿದ್ದರು.

ನಮ್ಮ ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಅಂಥದೇ ಒಂದನ್ನು ತಂದು, ತೊಟ್ಟಿಲ ನೇರಕ್ಕೆ ನಮ್ಮ ಚಾವಣಿಗೆ ತಾವೇ ಅಂಟಿಸಿದರು. ನೀಲಿಯ ಮೇಲೆ ಹಳದಿ ಸುರುಳಿಗಳು, ನಡುನಡುವೆ ಹೂವು, ಒಂದು ಮೂಲೆಯಲ್ಲಿ ಮಾತ್ರ ಕಪ್ಪು ಮಸಿ.

"ನೋಡ್ರೀ, ದೃಷ್ಟಿಬೊಟ್ಟೂ ಇಟ್ಟಿದಾರೆ!" ಎಂದು ನನ್ನ ಹೆಂಡತಿ ಹಿಗ್ಗಿದಳು.

ಇದು ಯಾವ ದೇವಸ್ಥಾನದ್ದು ಎಂದು ಕೇಳಿದೆ. "ಒಬ್ಬ ದೊಡ್ಡ ಮನುಷ್ಯನ ಮನೆದು ಮಾರಾಯ್ರೆ," ಎಂದ ಮೇಷ್ಟ್ರು ಪಾಯಸ ಕುಡಿಯತೊಡಗಿದರು. ನನ್ನ ಮುಖ ನೋಡಲಿಲ್ಲ. ಆಗಲೇ ನನಗೆ ಏನೋ ಅನ್ನಿಸಿತ್ತು.

ಅವರು ಹೋದ ಮೇಲೆ, ಊಟಕ್ಕೆ ಬಂದಿದ್ದ, ಇಲ್ಲಿನ ಯೂನಿವರ್ಸಿಟಿಯಲ್ಲಿ ಇತಿಹಾಸ ಓದುವ ನಮ್ಮ ಕಡೆಯ ಹುಡುಗಿಯೊಬ್ಬಳು ಮೇಲೆ ನೋಡಿ, "ಅಂಕಲ್, ಇದು ಈಜಿಪ್ಟ್‌ದು. ಗೋರಿ ಒಳಗಿನ ಸೀಲಿಂಗ್ ಡಿಸೈನ್," ಎಂದಳು. ಹೆಂಡತಿ ಮಗುವನ್ನು ಎತ್ತಿಕೊಂಡು ಆಚೆ ಹೋದಳು. ನಾನು ಅದನ್ನು ಕಿತ್ತು ಕೆಳಗೆ ಒಯ್ಯುವ ತನಕ ಒಳಗೆ ಕಾಲಿಡಲಿಲ್ಲ.

"ಗೋರಿದು ಅಂತ ಯಾಕೆ ಮೇಷ್ಟ್ರೇ ಹೇಳ್ಲಿಲ್ಲ?"

"ಹೇಳಿದ್ರೆ ನೀವು ತಗೊಳ್ತಿದ್ರಾ?"

ಎಂಥ ಉತ್ತರ! ಮಕ್ಕಳಿಲ್ಲದ ಮನುಷ್ಯ, ಮನಸ್ಸಿನಲ್ಲಿ ಏನಿದೆಯೋ ಎಂದು ಭಯವಾಯಿತು. ಅವರು ಮೂಲೆಯ ಕಪ್ಪಿನ ಮೇಲೆ ಬೆರಳಿಟ್ಟರು. "ಇದು ಬೊಟ್ಟಲ್ಲ, ಒಲೆ ಮಸಿ. ಆಮೇಲೆ ಬಡವರು ಆ ಗೋರಿಯೊಳಗೇ ಸಂಸಾರ ಮಾಡಿದ್ದುಂಟು. ಅಡಿಗೆ, ಬಾಣಂತನ ಎಲ್ಲ ಅಲ್ಲೇ. ಇದರ ಕೆಳಗೆ ಎಷ್ಟು ಮಕ್ಕಳು ಮಲಗಿದ್ವೋ... ಹೊಗೆ ಬಿಟ್ಟು ಬರೀಲಿಕ್ಕೆ ನನಗೆ ಮನಸ್ಸಾಗ್ಲಿಲ್ಲ."

ಚಿತ್ರವನ್ನು ಅಲ್ಲೇ ಬಿಟ್ಟು ಮೇಲೆ ಬಂದು ಹೆಂಡತಿಗೆ ಹೇಳಿದೆ. "ಸಿಕ್ಕಿಬಿದ್ಮೇಲೆ ಎಲ್ರೂ ಒಂದು ಕತೆ ಕಟ್ತಾರೆ ಬಿಡ್ರೀ," ಎಂದಳು. ನನಗೂ ಹಾಗೇ ಅನ್ನಿಸಿತು. ಆಮೇಲೆ ಮೆಟ್ಟಿಲಲ್ಲಿ ಎದುರಾದರೆ ಚಳಿ, ಮಳೆ, ಅಷ್ಟೇ ಮಾತು...

ಕಳೆದ ಚಳಿಗಾಲದಲ್ಲಿ ಮೇಷ್ಟ್ರು ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಅವರ ತಮ್ಮನ ಮಗ, ಬೇಕಾದ ಚಿತ್ರ ತಗೊಳ್ಳಿ ಎಂದ. ನಾನು ಏಳುವ ಮೊದಲೇ ಹೆಂಡತಿ ಇಳಿದು ಹೋದಳು. ಬಹಳ ಹೊತ್ತು ಹುಡುಕಿ ಬರಿಗೈಯಲ್ಲಿ ಬಂದಳು.

"ಮಸಿ ಇರೋದು ಒಂದೂ ಇಲ್ಲ ರೀ. ಬೇರೆ ಯಾರ ಮಗುಗೋ ಕೊಟ್ಟಿರ್ತಾರೆ."

ಕೊಟ್ಟಿರಬಹುದು. ಅವರಿಗೂ ಹೇಳಿರಲಿಕ್ಕಿಲ್ಲ...

ನಿಮಗೂ ಯಾರಾದರೂ ಹೀಗೆ ಅರ್ಧ ಮುಚ್ಚಿಟ್ಟು ಏನಾದರೂ ಕೊಟ್ಟಿದ್ದರೆ ಬರೆಯಿರಿ. ನೀವು ಅದನ್ನು ಇಟ್ಟುಕೊಂಡಿರಾ, ಅದನ್ನೂ ತಿಳಿಸಿ.