ಚೆಲುವಿನ ಮಾತಿಗೆ ಅಡ್ಡ ಬಂದವಳು

ನಾನು ಓದಿದ ಶಾಲೆಯಲ್ಲಿ ಬೆತ್ತವಿರಲಿಲ್ಲ, ಅಂಕಪಟ್ಟಿಯಿರಲಿಲ್ಲ. ಅನ್ಯಾಯ ಕಂಡರೆ ಅದರ ಹೆಸರು ಹಿಡಿದು ಕರೆಯಬೇಕೆಂಬ ಪಾಠ ಮಾತ್ರ ದಿನವೂ ಇತ್ತು. ಆ ಪಾಠವನ್ನು ನಾನು ಅತಿಯಾಗಿ ಕಲಿತಿದ್ದೇನೆಂದು ಪುಣೆಯ ಧನಕವಡಿ ಬಡಾವಣೆಯಲ್ಲಿ ಒಂದು ಭಾನುವಾರ ತಿಳಿಯಿತು.

ಅಲ್ಲಿನ ಟ್ಯೂಷನ್ ಕೋಣೆಯೊಂದರಲ್ಲಿ ಊರಿನ ಕನ್ನಡಿಗರಿಗಾಗಿ ಸೌಂದರ್ಯತತ್ವದ ತರಗತಿ ನಡೆಸುತ್ತಿದ್ದೆ. ಮೈಬಣ್ಣ ಬಿಳಿಯಾಗಿಸುವ ಕ್ರೀಮುಗಳ ಜಾಹೀರಾತಿನ ವಿರುದ್ಧ ಸಹಿ ಸಂಗ್ರಹಿಸುತ್ತಿದ್ದ ನನಗೆ, ಚೆಲುವೆಂಬ ಕಲ್ಪನೆ ಎಲ್ಲಿ ಕೆಟ್ಟಿತೆಂದು ತೋರಿಸುವ ಹಟ. ರೋಮ್ ಸಾಮ್ರಾಜ್ಯದ ಕೊನೆಗಾಲದ ಚಿಂತಕರಿಂದ ಆರಂಭಿಸಿದ್ದೆ: ಚೆಲುವೆಂದರೆ ಅಂಗಾಂಗಗಳ ಹೊಂದಾಣಿಕೆ ಮಾತ್ರವಾದರೆ, ಅಂಗಗಳೇ ಇಲ್ಲದ ಬೆಳಕು ಹೇಗೆ ಚೆಲುವಾಯಿತು? ಚೆಲುವನ್ನು ದೇವರ ಹೆಸರಾಗಿಸಿದ ಮಧ್ಯಯುಗ, ಉಪಯೋಗ ಬಯಸದೆ ಮೆಚ್ಚುವುದೇ ಅದರ ಗುರುತೆಂದ ಹದಿನೆಂಟನೆಯ ಶತಮಾನ ದಾಟಿ ನಮ್ಮ ಕಾಲಕ್ಕೆ ಬಂದಿದ್ದೆವು. ಕೊನೆಯ ತರಗತಿಗೆ, ತಮಗೆ ಚೆಲುವೆನಿಸಿದ ವಸ್ತುವೊಂದನ್ನು ತಂದು ಅದರ ಬಗ್ಗೆ ಮಾತನಾಡಿ ಎಂದಿದ್ದೆ.

ಭೋಸರಿಯ ಕಾರ್ಖಾನೆಯೊಂದರಲ್ಲಿ ಲೋಹ ಕಡೆಯುವ ಲೇಥ್ ಯಂತ್ರ ನಡೆಸುವ, ವಿಜಯಪುರ ಕಡೆಯ ಒಬ್ಬರು ಪ್ರತಿವಾರ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಿದ್ದರು. ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊದಲ ಬಾರಿಗೆ ಹೆಂಡತಿಯನ್ನೂ ಕರೆತಂದಿದ್ದರು. ಸರದಿ ಬಂದಾಗ ಕರವಸ್ತ್ರ ಬಿಚ್ಚಿ ತಾವೇ ಕಡೆದ ಹಿತ್ತಾಳೆಯ ಉರುಳೆಯೊಂದನ್ನು ಮೇಜಿನ ಮೇಲಿಟ್ಟರು.

“ಇದಕ್ಕ ಅಂಗ ಇಲ್ರಿ. ಮೂಗಿಲ್ಲ, ಕಣ್ಣಿಲ್ಲ,” ಎಂದರು. ಕೆಲವರು ನಕ್ಕರು. “ಬೆರಳು ಆಡಿಸಿದ್ರ ಎಲ್ಲೂ ತಡಿಯೂದಿಲ್ಲ. ಹಂಗ ಬಂದ ದಿನ ನಾ ಮಷೀನ್ ಬಂದ್ ಮಾಡಿ...”

ನಾನು ಕೇಳುತ್ತಿರಲಿಲ್ಲ. ಉರುಳೆಯ ಮೇಲಿದ್ದ ಕೈಯಲ್ಲಿ ತೋರುಬೆರಳಿನ ತುದಿ ಇರಲಿಲ್ಲ. ನನಗೆ ಕಂಡದ್ದು ಅದು.

“ಒಂದು ನಿಮಿಷ. ಎಲ್ಲರೂ ಈ ಕೈಯನ್ನು ನೋಡಿ,” ಎಂದೆ. ಸುರಕ್ಷತೆಯಿಲ್ಲದ ಯಂತ್ರಗಳು, ಗುತ್ತಿಗೆ ಪದ್ಧತಿ, ಪರಿಹಾರ ಕೊಡದ ಮಾಲೀಕರು, ಒಂದನ್ನೂ ಬಿಡದೆ ಹೆಸರಿಸಿದೆ.

ಅವರು ಕೈಯನ್ನು ಮೇಜಿನ ಕೆಳಗಿಳಿಸಿದರು. “ಬೆರಳು ಮಷೀನಿನ್ಯಾಗ ಹೋಗಿಲ್ರಿ ಅಕ್ಕಾರ. ಸ್ವಾರಗೇಟ್ ಸ್ಟ್ಯಾಂಡಿನ್ಯಾಗ ಬಸ್ಸಿನ ಬಾಗಲಾ ಬಡದು ಹೋತು.”

“ಹಂಗಾದ್ರೆ ಬಸ್ ಮೇಲೂ ಒಂದು ಪಿಟಿಷನ್ ಹಾಕ್ಬಿಡಿ ಮೇಡಂ!” ಎಂದ ತರಗತಿಯ ಬೆಂಗಳೂರಿನ ಐಟಿ ಯುವಕನೊಬ್ಬ. ಕೋಣೆಯೆಲ್ಲ ನಗೆ. ಅಲ್ಲಿಗಾದರೂ ನಾನು ನಿಲ್ಲಿಸಬಹುದಿತ್ತು. ಬಸ್ಸಿನ ಬಾಗಿಲೂ ಅದೇ ವ್ಯವಸ್ಥೆಯ ನಿರ್ಲಕ್ಷ್ಯವೆಂದು ಇನ್ನೂ ಹತ್ತು ನಿಮಿಷ ವಿವರಿಸಿದೆ. ಮುಗಿಸುವಷ್ಟರಲ್ಲಿ ಉರುಳೆ ಕರವಸ್ತ್ರ ಸೇರಿತ್ತು. ಅವರು ತಮ್ಮ ಜಾಗಕ್ಕೆ ಮರಳಿದ್ದರು. ಮುಂದುವರಿಸಿ ಎಂದೆ.

“ಆತ್ರಿ, ಅಷ್ಟ,” ಎಂದರು.

ಅಂಗಗಳಿಲ್ಲದ ಚೆಲುವಿನ ಪ್ರಶ್ನೆಗೆ ಆ ಕೋಣೆಯಲ್ಲಿ ಉತ್ತರ ತಂದವರು ಅವರೊಬ್ಬರೇ. ಅದು ನನಗೆ ಹೊಳೆದದ್ದು ಕುರ್ಚಿಗಳನ್ನು ಜೋಡಿಸಿಡುವಾಗ. ದುಡಿಯುವ ಮನುಷ್ಯ ಬಾಯಿ ತೆರೆದರೆ ನೋವನ್ನಷ್ಟೇ ಹೇಳಬೇಕೆಂದು ನಾನು ಎಂದೋ ನಿರ್ಧರಿಸಿಬಿಟ್ಟಿದ್ದೆ. ಕ್ಷಮೆ ಕೇಳಲು ಹೊರಗೋಡಿದೆ.

ಅವರಾಗಲೇ ರಸ್ತೆಗಿಳಿದಿದ್ದರು. ಹೆಂಡತಿ ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದರು.

“ನಮ್ಮನ್ಯಾವ್ರು ಮಾತಾಡೂದು ಕೇಳಾಕ ಬಂದಿದ್ದೆ,” ಎಂದರು. “ಮನ್ಯಾಗ ನಾಕ್ ಸಲ ಹೇಳಿ ನೋಡಿದ್ರು. ಇರ್ಲಿ, ನೀವ ಭಾಳ ಛಲೋ ಮಾತಾಡಿದ್ರಿ.”

“ತಪ್ಪಾಯಿತು. ಮಷೀನ್ ನಿಲ್ಲಿಸಿ ಅವರು ಏನು ಮಾಡಿದರು? ನೀವಾದರೂ ಹೇಳಿ.”

ಅವರು ಸೆರಗು ಸರಿಪಡಿಸಿಕೊಂಡರು. “ಅದು ಅವರು ಹೇಳೂ ಮಾತ್ರಿ ಅಕ್ಕಾರ,” ಎಂದು ಗಂಡ ನಿಂತಿದ್ದ ಕಡೆಗೆ ನಡೆದರು.